ಬೀಗದ ಕೈ ಒಳಗೆ, ಒಡೆಯ ಹೊರಗೆ

ಕಳೆದುಹೋದ ಬೀಗದ ಕೈಯನ್ನು ಹುಡುಕಬೇಕಾಗುತ್ತದೆ. ಕಾರಿನೊಳಗೇ ಉಳಿದ ಬೀಗದ ಕೈಯ ವಿಷಯದಲ್ಲಿ ಆ ಕಷ್ಟವಿಲ್ಲ. ಅದು ಆಸನದ ಮೇಲೆಯೋ ಚಕ್ರದ ಪಕ್ಕದಲ್ಲಿಯೋ ಕಣ್ಣೆದುರಿಗೇ ಇರುತ್ತದೆ. ಅದಕ್ಕೂ ನಮಗೂ ನಡುವೆ ಇರುವುದು ಸುಮಾರು 4 ಮಿಲಿಮೀಟರು ದಪ್ಪದ ಒಂದು ಗಾಜು ಮಾತ್ರ. ಆದರೂ ತನ್ನ ವಾಹನಕ್ಕೆ ತಾನೇ ಹೊರಗಿನವನಾದ ಒಡೆಯನು ಅದರ ಸುತ್ತ ಪ್ರದಕ್ಷಿಣೆ ಬರುತ್ತ, ಬಾಗಿಲುಗಳನ್ನು ಒಂದೊಂದಾಗಿ ಎಳೆದು ನೋಡುತ್ತಾನೆ. ದಾರಿಹೋಕರು ನಿಂತು ಸಲಹೆ ಕೊಡಲು ತೊಡಗುತ್ತಾರೆ. ಒಬ್ಬನು ತಂತಿ ತರಬೇಕೆನ್ನುತ್ತಾನೆ. ಇನ್ನೊಬ್ಬನು ಆಗಲೇ ಕಲ್ಲನ್ನು ಎತ್ತಿಕೊಂಡಿರುತ್ತಾನೆ.

ಇವರಿಬ್ಬರಲ್ಲಿ ಯಾರ ಮಾತು ಸರಿ? ಇದಕ್ಕೆ ಉತ್ತರ ಹೇಳಬೇಕಾದರೆ ಕಾರಿನ ಬೀಗ ಎಂದರೇನು, ಅದು ಯಾವುದನ್ನು ಕಾಯುತ್ತದೆ, ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಇದು ಬರಿಯ ಕುತೂಹಲದ ವಿಷಯವಲ್ಲ. ಒಳಗೆ ಉಳಿದಿರುವುದು ಬೀಗದ ಕೈ ಮಾತ್ರವಾಗಿದ್ದರೆ ಕೋಪ, ಖರ್ಚು, ವಿಳಂಬ ಇಷ್ಟರಲ್ಲಿಯೇ ಪ್ರಸಂಗ ಮುಗಿಯುತ್ತದೆ. ಅದರೊಡನೆ ಒಂದು ಮಗುವೂ ಉಳಿದಿದ್ದರೆ ಅದು ಪ್ರಾಣದ ಪ್ರಶ್ನೆ.

ಬೀಗವು ಒಡೆಯನನ್ನು ಬಲ್ಲುದೆ?

ಬೀಗವು ಮನುಷ್ಯನನ್ನು ಗುರುತಿಸುವುದಿಲ್ಲ. ಒಂದು ಆಕಾರವನ್ನು ಮಾತ್ರ ಗುರುತಿಸುತ್ತದೆ. ಪ್ರಾಚೀನ ಈಜಿಪ್ಟಿನ ಮರದ ಬೀಗದಿಂದ ಹಿಡಿದು, ಅಮೆರಿಕದ ಲೈನಸ್ ಯೇಲನು 1860ರ ದಶಕದಲ್ಲಿ ರೂಪಿಸಿದ ಚಪ್ಪಟೆ ಬೀಗದ ಕೈಯ ಬೀಗದವರೆಗೆ ತತ್ತ್ವವು ಒಂದೇ. ಅಡ್ಡ ನಿಂತಿರುವ ಹಲವು ತುಂಡುಗಳು ಏಕಕಾಲದಲ್ಲಿ ತಮ್ಮ ತಮ್ಮ ಸರಿಯಾದ ಎತ್ತರಕ್ಕೆ ಬಂದಾಗ ಮಾತ್ರ ದಾರಿ ತೆರೆಯುತ್ತದೆ.

ಕಾರಿನ ಬಾಗಿಲಿನಲ್ಲಿ ಸಾಮಾನ್ಯವಾಗಿರುವ ಬೀಗವನ್ನು ನೋಡೋಣ. ಕದಲದ ಒಂದು ಲೋಹದ ಕೊಳವೆ. ಅದರೊಳಗೆ ತಿರುಗಬಲ್ಲ ಒಂದು ಉರುಳೆ. ಈ ಉರುಳೆಯಲ್ಲಿ ತೆಳುವಾದ ಲೋಹದ ಬಿಲ್ಲೆಗಳು ಸಾಲಾಗಿ, ಅಡ್ಡಡ್ಡವಾಗಿ ಕುಳಿತಿರುತ್ತವೆ. ಪ್ರತಿಯೊಂದು ಬಿಲ್ಲೆಯನ್ನೂ ಒಂದೊಂದು ಪುಟ್ಟ ಸ್ಪ್ರಿಂಗು ಹೊರಕ್ಕೆ ತಳ್ಳುತ್ತಿರುವುದರಿಂದ ಅದರ ಅಂಚು ಕೊಳವೆಯ ಗಾಡಿಯಲ್ಲಿ ಸಿಕ್ಕಿಕೊಂಡು ಉರುಳೆಯನ್ನು ತಿರುಗಗೊಡುವುದಿಲ್ಲ. ಸರಿಯಾದ ಬೀಗದ ಕೈಯನ್ನು ತೂರಿಸಿದಾಗ ಅದರ ಮೇಲಿನ ಏರುತಗ್ಗುಗಳು ಒಂದೊಂದು ಬಿಲ್ಲೆಯನ್ನೂ ಬೇಕಾದಷ್ಟೇ ಎಳೆದುಕೊಳ್ಳುತ್ತವೆ. ಎಲ್ಲ ಬಿಲ್ಲೆಗಳೂ ಉರುಳೆಯ ಮೈಗೆ ಸಮನಾದ ಕೂಡಲೇ ಉರುಳೆ ತಿರುಗುತ್ತದೆ. ಒಂದು ಬಿಲ್ಲೆ ಕೂದಲೆಳೆಯಷ್ಟು ಹೆಚ್ಚು ಕಡಮೆಯಾದರೂ ತಿರುಗದು.

ಇಲ್ಲಿ ಸ್ವಲ್ಪ ಲೆಕ್ಕ ಹಾಕಬಹುದು. ಒಂದು ಬೀಗದಲ್ಲಿ 7 ಬಿಲ್ಲೆಗಳಿವೆ, ಪ್ರತಿಯೊಂದಕ್ಕೂ 4 ಬಗೆಯ ಎತ್ತರಗಳು ಸಾಧ್ಯ ಎಂದಿಟ್ಟುಕೊಳ್ಳಿ. ಆಗ 4ನ್ನು 7 ಸಲ ಗುಣಿಸಿದರೆ ಬರುವ 16,384 ಬಗೆಯ ಬೀಗದ ಕೈಗಳನ್ನು ಮಾಡಬಹುದು. ಇನ್ನೊಬ್ಬರ ಬೀಗದ ಕೈಯಿಂದ ನಮ್ಮ ಕಾರು ತೆರೆಯುವ ಸಂಭವ ಎಷ್ಟು ಅಲ್ಪವೆಂಬುದು ಇದರಿಂದ ತಿಳಿಯುತ್ತದೆ. ಆ ಒಂದು ಆಕಾರ ನಮ್ಮ ಬಳಿಯಲ್ಲಿ ಇಲ್ಲದಾಗ ನಾವೂ ಬೀಗದ ದೃಷ್ಟಿಯಲ್ಲಿ ಪರರೇ ಎಂಬುದೂ ಇದರಿಂದಲೇ ತಿಳಿಯುತ್ತದೆ.

ಬಾಗಿಲನ್ನು ಹಿಡಿದಿರುವುದು ಯಾವುದು?

ಬಾಗಿಲನ್ನು ಬೀಗವೇ ಹಿಡಿದುಕೊಂಡಿದೆ ಎಂಬುದು ಸಾಮಾನ್ಯವಾದ ತಪ್ಪು ತಿಳಿವಳಿಕೆ. ಮನೆಯ ಅಗುಳಿಯಂತೆ ಕಾರಿನ ಬೀಗವು ಬಾಗಿಲಿಗೆ ಅಡ್ಡ ಬೀಳುವುದಿಲ್ಲ. ಕಾರಿನ ಬಾಗಿಲು ತೆರೆದಾಗ ಅದರ ಅಂಚಿನಲ್ಲಿ ಕೊಕ್ಕೆಯಂತಹ ಒಂದು ಚಿಲಕವನ್ನೂ, ಎದುರಿನ ಚೌಕಟ್ಟಿನಲ್ಲಿ ಬಾಗಿದ ಗಟ್ಟಿಯಾದ ಒಂದು ಕಂಬಿಯನ್ನೂ ಕಾಣಬಹುದು. ಬಾಗಿಲು ಮುಚ್ಚಿದಾಗ ಕೊಕ್ಕೆಯು ತಿರುಗಿ ಕಂಬಿಯನ್ನು ತಬ್ಬಿಕೊಳ್ಳುತ್ತದೆ. ಮತ್ತೊಂದು ಸಣ್ಣ ನಾಲಗೆ ಬಂದು ಕೊಕ್ಕೆಯು ಹಿಂದೆ ತಿರುಗದಂತೆ ತಡೆಯುತ್ತದೆ. ಕಾರು ಓಡುವಾಗ ಬಾಗಿಲು ಕಿತ್ತುಬರದಂತೆ ಕಾಪಾಡುವುದು ಈ ಚಿಲಕವೇ. ಬೀಗ ಹಾಕಿರಲಿ, ಬಿಡಲಿ, ಅದರ ಹಿಡಿತ ಒಂದೇ ಸಮ.

ಹಾಗಾದರೆ ಬೀಗದ ಕೆಲಸವೇನು? ಹೊರಗಿನ ಹಿಡಿಕೆಗೂ ಚಿಲಕಕ್ಕೂ ಇರುವ ಸಂಬಂಧವನ್ನು ಕಡಿಯುವುದು, ಅಷ್ಟೆ. ಹಿಡಿಕೆಯನ್ನು ಎಳೆದರೆ ಬಾಗಿಲಿನ ಹೊಟ್ಟೆಯೊಳಗಿರುವ ಒಂದು ಸಲಾಕೆ ಚಲಿಸಿ ಆ ನಾಲಗೆಯನ್ನು ಸರಿಸುತ್ತದೆ. ಬೀಗ ಹಾಕಿದಾಗ ಹಿಡಿಕೆ ಚಲಿಸಿದರೂ ಆ ಚಲನೆ ನಾಲಗೆಯನ್ನು ಮುಟ್ಟುವುದಿಲ್ಲ.

ಈ ಒಂದು ಸಂಗತಿಯಲ್ಲಿ ಮೆಕ್ಯಾನಿಕನ ಜಾಣತನದ ಗುಟ್ಟೆಲ್ಲ ಅಡಗಿದೆ. ಬಿಲ್ಲೆಗಳ ಬೀಗವನ್ನು ಅವನು ಗೆಲ್ಲಬೇಕಾಗಿಲ್ಲ. ಅದನ್ನು ಬಳಸಿಕೊಂಡು ಹೋಗಿ ಒಳಗಿನ ಗುಂಡಿಯನ್ನೋ ಹಿಡಿಕೆಯನ್ನೋ ಸಲಾಕೆಯನ್ನೋ ಮುಟ್ಟಿದರೆ ಸಾಕು. ಹಿಂದಿನ ಕಾಲದ ಅಂಬಾಸಡರ್ ಕಾರಿನ ಮುಂದಿನ ಬಾಗಿಲಿನಲ್ಲಿ ಗಾಳಿಗಾಗಿ ತಿರುಗಿಸುವ ಪುಟ್ಟ ತ್ರಿಕೋನಾಕಾರದ ಗಾಜು ಇರುತ್ತಿತ್ತು. ಅದು ಸರಿಯಾಗಿ ಮುಚ್ಚಿರದಿದ್ದರೆ ಕೈ ತೂರಿಸುವುದೇ ಸಾಧ್ಯವಾಗುತ್ತಿತ್ತು. ಅನಂತರದ ಕಾರುಗಳಲ್ಲಿ ಕಿಟಕಿಯ ಗಾಜಿಗೂ ರಬ್ಬರಿನ ಅಂಚಿಗೂ ನಡುವೆ ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಇಳಿಬಿಟ್ಟು ಸಲಾಕೆಯನ್ನು ಎಳೆಯುವ ಪದ್ಧತಿ ಬಂದಿತು.

ಈಗಿನ ಕಾರುಗಳಲ್ಲಿ ಈ ಪಟ್ಟಿಯ ಆಟ ಬಹುಮಟ್ಟಿಗೆ ನಡೆಯದು. ಅನೇಕ ಕಾರುಗಳಲ್ಲಿ ಸಲಾಕೆಯ ಬದಲು ಕೊಳವೆಯೊಳಗೆ ಓಡುವ ತಂತಿ ಇರುತ್ತದೆ. ಚಿಲಕದ ಸುತ್ತ ಮರೆತಗಡು ಇರುತ್ತದೆ. ಅಲ್ಲದೆ ಬಾಗಿಲಿನೊಳಗೆ ವಿದ್ಯುತ್ತಿನ ತಂತಿಗಳು ಹರಡಿರುತ್ತವೆ. ಕೆಲವು ಕಾರುಗಳಲ್ಲಿ ಪಕ್ಕದ ಗಾಳಿಚೀಲಕ್ಕೆ ಸಂಬಂಧಪಟ್ಟ ಉಪಕರಣಗಳೂ ಅಲ್ಲಿಯೇ ಇರುತ್ತವೆ. ತಿಳಿಯದೆ ಪಟ್ಟಿ ಆಡಿಸಿದರೆ ಬಾಗಿಲು ತೆರೆಯುವ ಬದಲು ಸಾವಿರಾರು ರೂಪಾಯಿಗಳ ಹಾನಿಯಾಗಬಹುದು. ಆದುದರಿಂದ ಅನುಭವಿಗಳು ಈಗ ಬಾಗಿಲಿನ ಮೇಲಂಚಿನ ಸಂದಿಯಲ್ಲಿ ಗಾಳಿ ತುಂಬುವ ಚಿಕ್ಕ ಚೀಲವನ್ನಿಟ್ಟು, ಸಂದಿಯನ್ನು ಬೆರಳಿನಷ್ಟು ಅಗಲಿಸಿ, ಉದ್ದನೆಯ ಕಂಬಿಯಿಂದ ಒಳಗಿನ ಗುಂಡಿಯನ್ನು ಒತ್ತುತ್ತಾರೆ. ಇದನ್ನೂ ಬಲಪ್ರಯೋಗದಿಂದ ಮಾಡಿದರೆ ಚೌಕಟ್ಟು ಸೊಟ್ಟಗಾಗಿ ಮಳೆಗಾಲದಲ್ಲಿ ನೀರು ಸೋರತೊಡಗುವುದು.

ಮಾತನಾಡುವ ಬೀಗದ ಕೈ

ಈಚಿನ ಕಾರುಗಳಲ್ಲಿ ಲೋಹದ ಆಕಾರದ ಸ್ಥಾನವನ್ನು ಒಂದು ಸಂಖ್ಯೆ ಆಕ್ರಮಿಸಿದೆ. ಗುಂಡಿಯನ್ನೊತ್ತಿದಾಗ ಬೀಗದ ಕೈಯು ರೇಡಿಯೋ ತರಂಗದ ಮೂಲಕ ಕಾರಿಗೆ ಒಂದು ಗುಪ್ತ ಸಂಖ್ಯೆಯನ್ನು ಕಳುಹಿಸುತ್ತದೆ. ಭಾರತದಲ್ಲಿ ಇದಕ್ಕಾಗಿ ಸಾಮಾನ್ಯವಾಗಿ ಬಳಸುವ ತರಂಗವು ಸೆಕೆಂಡಿಗೆ ಸುಮಾರು 43 ಕೋಟಿ ಸಲ ಕಂಪಿಸುತ್ತದೆ. ಪ್ರತಿಸಲವೂ ಅದೇ ಸಂಖ್ಯೆಯನ್ನು ಕಳುಹಿಸಿದರೆ, ಮರೆಯಲ್ಲಿ ನಿಂತವನು ಅದನ್ನು ಹಿಡಿದಿಟ್ಟುಕೊಂಡು ಆಮೇಲೆ ತಾನೇ ಕಳುಹಿಸಬಹುದಲ್ಲವೇ? ಅದಕ್ಕಾಗಿ ಸಂಖ್ಯೆಯು ಪ್ರತಿ ಒತ್ತಿಗೂ ಬದಲಾಗುತ್ತದೆ. ಮುಂದೆ ಬರತಕ್ಕ ಸಂಖ್ಯೆ ಯಾವುದೆಂಬುದು ಬೀಗದ ಕೈಗೂ ಕಾರಿಗೂ ಮಾತ್ರ ತಿಳಿದಿರುತ್ತದೆ. ಸಂಖ್ಯೆ ಸರಿಯಾಗಿದ್ದರೆ ಬಾಗಿಲಿನೊಳಗಿನ ಪುಟ್ಟ ವಿದ್ಯುತ್ ಮೋಟಾರು ಕಡಿದ ಸಂಬಂಧವನ್ನು ಮತ್ತೆ ಕೂಡಿಸುತ್ತದೆ.

ಕೆಲವು ಕಾರುಗಳಲ್ಲಿ ಗುಂಡಿಯನ್ನೊತ್ತುವ ಶ್ರಮವೂ ಇಲ್ಲ. ಕಾರೇ ತನ್ನ ಸುತ್ತ ಒಂದೆರಡು ಮೀಟರಿನವರೆಗೆ ಕ್ಷೀಣವಾದ ಕರೆಯನ್ನು ಹೊರಡಿಸುತ್ತದೆ. ಜೇಬಿನಲ್ಲಿರುವ ಬೀಗದ ಕೈ ಅದಕ್ಕೆ ಓಗೊಡುತ್ತದೆ. ಬೀಗದ ಕೈ ಕಾರಿನ ಒಳಗಿದೆಯೋ ಹೊರಗಿದೆಯೋ ಎಂಬುದನ್ನೂ ಇಂತಹ ಕಾರು ಅಳೆದು ನೋಡುತ್ತದೆ. ಒಳಗೇ ಇದ್ದರೆ ಬೀಗ ಹಾಕಿಕೊಳ್ಳಲು ನಿರಾಕರಿಸಿ ಕೂಗುತ್ತದೆ.

ಹೀಗಿದ್ದೂ ಬೀಗದ ಕೈ ಒಳಗುಳಿಯುವುದು ಹೇಗೆ? ಬೀಗದ ಕೈಯ ಬ್ಯಾಟರಿ ಸೊರಗಿದ್ದರೆ ಅಥವಾ ಅದು ಲೋಹದ ಡಬ್ಬಿಯೊಳಗೆ ಇದ್ದರೆ ಕಾರಿಗೆ ಅದರ ಉತ್ತರ ಕೇಳಿಸದೆ ಹೋಗಬಹುದು. ಗುಂಡಿಯೊತ್ತುವ ಸಾಧಾರಣ ಬಗೆಯಲ್ಲಿ ಇನ್ನೊಂದು ತೊಡಕುಂಟು. ಗುಂಡಿಯೊತ್ತಿದ ಮೇಲೆ ಸುಮಾರು ಅರ್ಧ ನಿಮಿಷದೊಳಗೆ ಯಾವ ಬಾಗಿಲೂ ತೆರೆಯದಿದ್ದರೆ ಅನೇಕ ಕಾರುಗಳು ತಾವಾಗಿಯೇ ಮತ್ತೆ ಬೀಗ ಹಾಕಿಕೊಳ್ಳುತ್ತವೆ. ಸಾಮಾನು ತುಂಬುವಾಗ ಹಿಂಬದಿಯ ಡಿಕ್ಕಿಯನ್ನು ಮಾತ್ರ ತೆರೆದು, ಚೀಲದೊಡನೆ ಬೀಗದ ಕೈಯನ್ನೂ ಅದರಲ್ಲಿಟ್ಟು ಮುಚ್ಚಿದವರು ಫಜೀತಿಗೆ ಸಿಕ್ಕುವುದು ಹೀಗೆ. ಯಂತ್ರವು ತಪ್ಪಿನಿಂದ ಕಾಪಾಡುತ್ತದೆಂಬ ಭರವಸೆಯೇ ಮನುಷ್ಯನ ಎಚ್ಚರವನ್ನು ಸಡಿಲಿಸುತ್ತದೆ.

ರೇಡಿಯೋ ಬೀಗದಿಂದ ಒಂದು ಹೊಸ ಅನುಕೂಲವೂ ಒದಗಿದೆ. ಸಂಖ್ಯೆಯನ್ನು ಹತ್ತಿರದಿಂದಲೇ ಕಳುಹಿಸಬೇಕೆಂಬ ನಿಯಮವಿಲ್ಲ. ಅಮೆರಿಕದಲ್ಲಿ 1996ರಲ್ಲಿ ಆರಂಭವಾದ ಆನ್‌ಸ್ಟಾರ್ ಸೇವೆಯು ದೂರದ ಕೇಂದ್ರದಿಂದಲೇ ಕಾರಿನ ಬಾಗಿಲನ್ನು ತೆರೆಯುವ ಸೌಕರ್ಯವನ್ನು ಬಳಕೆಗೆ ತಂದಿತು. ಇಂದು ನಮ್ಮ ದೇಶದಲ್ಲಿಯೂ ಹಲವು ಕಾರುಗಳನ್ನು ಮೊಬೈಲ್ ಫೋನಿನಿಂದ ತೆರೆಯಬಹುದು. ಆ ಫೋನೂ ಕಾರಿನೊಳಗೇ ಉಳಿದಿದ್ದರೆ ಮಾತ್ರ ಈ ಸೌಕರ್ಯದಿಂದ ಒಡನೆ ಪ್ರಯೋಜನವಾಗದು.

ಬೀಗವು ಕೊಡುವುದು ಕಾಲಾವಕಾಶವನ್ನು

ಲಂಡನ್ನಿನಲ್ಲಿ ಜೋಸೆಫ್ ಬ್ರಾಮಾ ಎಂಬ ಶಿಲ್ಪಿ 18ನೆಯ ಶತಮಾನದ ಕೊನೆಯಲ್ಲಿ ಒಂದು ಬೀಗವನ್ನು ಮಾಡಿದನು. ಅದನ್ನು ಬೀಗದ ಕೈಯಿಲ್ಲದೆ ತೆರೆದವರಿಗೆ 200 ಗಿನಿ ಬಹುಮಾನ ಎಂಬ ಸವಾಲಿನೊಡನೆ ಅದು ಅಂಗಡಿಯ ಕಿಟಕಿಯಲ್ಲಿ ದಶಕಗಳ ಕಾಲ ಅಜೇಯವಾಗಿ ಕುಳಿತಿತ್ತು. 1851ರಲ್ಲಿ ಅಲ್ಲಿ ಮಹಾಪ್ರದರ್ಶನ ನಡೆದಾಗ ಬಂದ ಅಮೆರಿಕದ ಆಲ್‌ಫ್ರೆಡ್ ಹಾಬ್ಸ್ ಆ ಸವಾಲನ್ನು ಸ್ವೀಕರಿಸಿ, 16 ದಿನಗಳಲ್ಲಿ ಒಟ್ಟು 51 ಗಂಟೆ ದುಡಿದು ಬೀಗವನ್ನು ತೆರೆದನು. ಜನ ಬೆರಗಾದರು. ಯಾವ ಬೀಗವನ್ನು ನಂಬುವುದೆಂದು ದೊಡ್ಡ ಚರ್ಚೆಯೇ ಎದ್ದಿತು.

ಈ ಪ್ರಸಂಗದಿಂದ ಕಲಿಯತಕ್ಕ ಪಾಠವೇನೆಂದರೆ, ತೆರೆಯಲಾಗದ ಬೀಗವೆಂಬುದಿಲ್ಲ. ಬೀಗವು ಮಾಡುವುದು ವಿಳಂಬವನ್ನು ಮಾತ್ರ. 51 ಗಂಟೆಗಳನ್ನು ಬೀದಿಯಲ್ಲಿ ನಿಂತು ಕಳೆಯಬಲ್ಲ ಕಳ್ಳನಿಲ್ಲ. ಆದುದರಿಂದ ಆ ಬೀಗ ಸೋತರೂ ಗೆದ್ದಂತೆಯೇ. ಕಾರನ್ನು ಕಟ್ಟುವವರೂ ಇದನ್ನರಿತು ತಡೆಯ ಮೇಲೆ ತಡೆಯನ್ನಿಟ್ಟಿದ್ದಾರೆ. ಬಾಗಿಲು ತೆರೆದ ಮಾತ್ರಕ್ಕೆ ಎಂಜಿನ್ನು ನಡೆಯದು. ಬೀಗದ ಕೈಯೊಳಗೆ ಹುದುಗಿಸಿದ, ತನ್ನದೇ ಬ್ಯಾಟರಿಯಿಲ್ಲದ ಒಂದು ಚೂರು ಕಾರಿನ ಸುರುಳಿಯಿಂದಲೇ ಶಕ್ತಿ ಪಡೆದು ತನ್ನ ಗುರುತನ್ನು ಹೇಳಬೇಕು. ಬ್ರಿಟನ್ನಿನಲ್ಲಿ ಇಂತಹ ಏರ್ಪಾಡನ್ನು 1998ರಿಂದ ಹೊಸ ಕಾರುಗಳಿಗೆ ಕಡ್ಡಾಯಗೊಳಿಸಲಾಯಿತು.

ವಿಳಂಬವು ಕಳ್ಳನ ವಿಷಯದಲ್ಲಿ ನಮ್ಮ ಮಿತ್ರ. ನಾವೇ ಹೊರಗೆ ನಿಂತಾಗಲೂ ಅದು ಕೇವಲ ಒಂದು ತೊಂದರೆ. ಆದರೆ ಅದೇ ವಿಳಂಬವು ಶತ್ರುವಾಗುವ ಸಂದರ್ಭವೊಂದುಂಟು.

ಬಿಸಿಲಿನಲ್ಲಿ ಮುಚ್ಚಿದ ಕಾರು

ಸೂರ್ಯನ ಬೆಳಕು ಗಾಜನ್ನು ಸುಲಭವಾಗಿ ದಾಟಿ ಒಳಗಿನ ಆಸನ, ಹಲಗೆಗಳ ಮೇಲೆ ಬಿದ್ದು ಅವುಗಳನ್ನು ಕಾಯಿಸುತ್ತದೆ. ಅವುಗಳನ್ನು ಸೋಕಿದ ಗಾಳಿಯೂ ಕಾಯುತ್ತದೆ. ಬಯಲಿನಲ್ಲಾದರೆ ಕಾದ ಗಾಳಿ ಮೇಲೇರಿ, ಅದರ ಜಾಗಕ್ಕೆ ತಂಪಾದ ಗಾಳಿ ಬರುವುದು. ಮುಚ್ಚಿದ ಕಾರಿನಲ್ಲಿ ಅದಕ್ಕೆ ಎಡೆಯಿಲ್ಲ. ಕಾದ ವಸ್ತುಗಳು ಹೊರಡಿಸುವ ಕಣ್ಣಿಗೆ ಕಾಣದ ಶಾಖಕಿರಣಗಳನ್ನೂ ಗಾಜು ಹೊರಗೆ ಬಿಡುವುದಿಲ್ಲ.

ಇದರ ಪರಿಣಾಮವನ್ನು ಅಮೆರಿಕದ ಸಂಶೋಧಕರು ಅಳೆದು 2005ರಲ್ಲಿ ‘ಪೀಡಿಯಾಟ್ರಿಕ್ಸ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೊರಗಿನ ಉಷ್ಣತೆ 22ರಿಂದ 36 ಡಿಗ್ರಿ ಸೆಲ್ಸಿಯಸ್ ಇದ್ದ ದಿನಗಳಲ್ಲಿ ಒಂದು ಗಂಟೆಯೊಳಗೆ ಕಾರಿನ ಒಳಗಿನ ಉಷ್ಣತೆ ಸರಾಸರಿ 22 ಡಿಗ್ರಿಯಷ್ಟು ಏರಿತು. ಆ ಏರಿಕೆಯಲ್ಲಿ ನೂರಕ್ಕೆ 80 ಪಾಲು ಮೊದಲ 30 ನಿಮಿಷಗಳಲ್ಲಿಯೇ ಆಯಿತು. ಕಿಟಕಿಗಳನ್ನು ಸ್ವಲ್ಪ ಇಳಿಸಿಟ್ಟರೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಹೊರಗೆ 22 ಡಿಗ್ರಿ ಎಂದರೆ ಬೆಂಗಳೂರಿನ ಹಿತವಾದ ಬೆಳಗಿನ ಹೊತ್ತು. ಅಂತಹ ಹವೆಯಲ್ಲಿಯೂ ಬಿಸಿಲಿಗೆ ನಿಂತ ಕಾರಿನೊಳಗೆ 47 ಡಿಗ್ರಿಯವರೆಗೆ ಏರಬಹುದೆಂಬುದನ್ನು ಆ ಅಳತೆಗಳು ತೋರಿಸಿದವು. ಬಳ್ಳಾರಿ, ರಾಯಚೂರುಗಳ ಬೇಸಗೆಯ ಮಾತನ್ನು ಹೇಳಬೇಕಾಗಿಯೇ ಇಲ್ಲ.

ಓದುಗರು ಇದನ್ನು ತಾವೇ ಪರೀಕ್ಷಿಸಬಹುದು. 60 ಡಿಗ್ರಿಯವರೆಗೆ ಗುರುತುಗಳುಳ್ಳ ಉಷ್ಣಮಾಪಕವೊಂದನ್ನು, ನೇರ ಬಿಸಿಲು ಬೀಳದಂತೆ, ಬಿಸಿಲಿನಲ್ಲಿ ನಿಂತ ಖಾಲಿ ಕಾರಿನೊಳಗೆ ಇಟ್ಟು ಹೊರಗಿನಿಂದ 5 ನಿಮಿಷಗಳಿಗೊಮ್ಮೆ ನೋಡಿ ಬರೆದುಕೊಳ್ಳಿರಿ. ಜ್ವರ ನೋಡುವ ಉಷ್ಣಮಾಪಕ ಇದಕ್ಕೆ ತಕ್ಕುದಲ್ಲ. ಬೀಗದ ಕೈಯನ್ನು ಮಾತ್ರ ಜೇಬಿನಲ್ಲಿಯೇ ಇಟ್ಟುಕೊಂಡಿರಿ!

ಮಗುವಿನ ಮೈ ಚಿಕ್ಕದು. ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ಹರವು ಹೆಚ್ಚು. ಸುತ್ತಲಿನ ಗಾಳಿ ಮೈಗಿಂತ ಬಿಸಿಯಾದಾಗ ಶಾಖವು ಈ ಹರವಿನ ಮೂಲಕ ಒಳನುಗ್ಗುತ್ತದೆ. ಬೆವರಿ ತಣಿಯುವ ಶಕ್ತಿಯೂ ಮಗುವಿಗೆ ಕಡಮೆ. ದೊಡ್ಡವರಿಗಿಂತ ಮೂರರಿಂದ ಐದು ಪಟ್ಟು ಬೇಗ ಮಗುವಿನ ಮೈ ಕಾಯುತ್ತದೆಂದು ವೈದ್ಯರು ಹೇಳುತ್ತಾರೆ. ಮೈಯ ಉಷ್ಣತೆ 40 ಡಿಗ್ರಿ ದಾಟಿತೆಂದರೆ ಶಾಖಾಘಾತದ ಅಪಾಯ ಬಂದಿತೆಂದೇ ತಿಳಿಯಬೇಕು. ಆದುದರಿಂದ ಇಲ್ಲಿ ಲೆಕ್ಕ ಗಂಟೆಗಳದಲ್ಲ, ನಿಮಿಷಗಳದು. ಅಶಕ್ತರಾದ ವೃದ್ಧರಿಗೂ ಸಾಕುಪ್ರಾಣಿಗಳಿಗೂ ಈ ಮಾತು ಅನ್ವಯಿಸುತ್ತದೆ.

ಗಾಜಿನ ಗುಟ್ಟು

ಹಾಗಾದರೆ ಕಲ್ಲೆತ್ತಿಕೊಂಡವನ ಮಾತೇ ಸರಿಯೇ? ಈ ಸಂದರ್ಭದಲ್ಲಿ ಹೌದು. ಆದರೆ ಯಾವ ಗಾಜನ್ನು ಹೇಗೆ ಒಡೆಯಬೇಕೆಂಬುದನ್ನು ಅರಿತಿರಬೇಕು.

ಕಾರಿನ ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ಕಿನ ಪೊರೆಯನ್ನಿಟ್ಟು ಬೆಸೆದದ್ದು. ಫ್ರಾನ್ಸಿನ ರಸಾಯನತಜ್ಞ ಎಡ್ವಾರ್ ಬೆನೆಡಿಕ್ಟಸನ ಕೈಯಿಂದ 1903ರಲ್ಲಿ ಒಂದು ಗಾಜಿನ ಬುದ್ದಲಿ ಕೆಳಗೆ ಬಿದ್ದು, ಬಿರುಕು ಬಿಟ್ಟರೂ ಚೂರಾಗದೆ ನಿಂತಿತಂತೆ. ಅದರೊಳಗೆ ಒಣಗಿ ಅಂಟಿದ್ದ ಸೆಲ್ಯುಲೋಸ್ ನೈಟ್ರೇಟಿನ ಪೊರೆಯೇ ಅದಕ್ಕೆ ಕಾರಣ. ಅಲ್ಲಿಂದ ಹುಟ್ಟಿದ ಈ ಗಾಜನ್ನು ಬಡಿದರೆ ಬಲೆಯಂತೆ ಬಿರಿಯುತ್ತದೆಯೇ ಹೊರತು ದಾರಿ ಬಿಡುವುದಿಲ್ಲ. ಅದನ್ನು ಒಡೆಯಹೊರಡುವುದು ಕಾಲಹರಣ.

ಪಕ್ಕದ ಗಾಜುಗಳು ಸಾಮಾನ್ಯವಾಗಿ ಬೇರೆ ಜಾತಿಯವು. ಅವುಗಳನ್ನು 600 ಡಿಗ್ರಿಗೂ ಮೀರಿ ಕಾಯಿಸಿ, ಗಾಳಿ ಊದಿ ಥಟ್ಟನೆ ತಣಿಸುತ್ತಾರೆ. ಮೇಲ್ಮೈ ಮೊದಲು ಗಟ್ಟಿಯಾಗುತ್ತದೆ. ಅನಂತರ ತಣಿಯುವ ಒಳಭಾಗ ಕುಗ್ಗುತ್ತ ಮೇಲ್ಮೈಯನ್ನು ಒಳಕ್ಕೆ ಜಗ್ಗುತ್ತದೆ. ಹೀಗೆ ಮೇಲ್ಮೈ ಒತ್ತಡದಲ್ಲಿಯೂ ಒಳಭಾಗ ಸೆಳೆತದಲ್ಲಿಯೂ ಸದಾ ಬಿಗಿದುಕೊಂಡಿರುತ್ತವೆ. ಅಂಗೈಯಿಂದ ಗುದ್ದಿದರೆ, ದುಂಡುಕಲ್ಲಿನಿಂದ ಬಡಿದರೆ ಇದು ಜಗ್ಗುವುದಿಲ್ಲ. ಚೂಪಾದ ಗಟ್ಟಿ ತುದಿಯೊಂದು ಮೇಲ್ಮೈಯನ್ನು ಭೇದಿಸಿ ಒಳಗಿನ ಸೆಳೆತವನ್ನು ಮುಟ್ಟಿದರೆ ಮಾತ್ರ, ಕೂಡಿಟ್ಟ ಬಿಗಿತವೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಇಡೀ ಗಾಜು ಕಲ್ಲುಸಕ್ಕರೆಯಂತಹ ಹರಳುಗಳಾಗಿ ಉದುರುತ್ತದೆ. ಆದುದರಿಂದ ಚೂಪುಮೂತಿಯ ಸುತ್ತಿಗೆಯಂತಹುದು ಬೇಕು. ಹೊಡೆತವು ಗಾಜಿನ ನಡುವೆ ಬೀಳದೆ ಮೂಲೆಯ ಬಳಿ ಬೀಳಬೇಕು. ಕೆಲವು ಹೊಸ ಕಾರುಗಳ ಪಕ್ಕದ ಗಾಜೂ ಪೊರೆಯುಳ್ಳದ್ದಾಗಿರುವುದುಂಟು. ಒಂದು ಗಾಜು ಉದುರದೆ ಬಿರಿದರೆ ಇನ್ನೊಂದಕ್ಕೆ ಹೋಗಬೇಕು.

ಮಾಡತಕ್ಕ ಕ್ರಮ

ಒಳಗೆ ಜೀವವಿದ್ದರೆ: ಮಗು ಹಿಡಿಕೆಯನ್ನೆಳೆಯುವಷ್ಟು ದೊಡ್ಡದಾಗಿದ್ದರೆ ಸನ್ನೆಯಿಂದ ಹೇಳಿ ನೋಡಬೇಕು. ವಿದ್ಯುತ್ತು ಕೈಕೊಟ್ಟರೂ ಒಳಗಿನವರು ಕೈಯಿಂದ ಬಾಗಿಲು ತೆರೆಯುವಂತಿರಬೇಕೆಂದು 2019ರ ಜುಲೈಯಿಂದ ನಮ್ಮ ದೇಶದ ಹೊಸ ಕಾರುಗಳಿಗೆ ನಿಯಮವಾಗಿದೆ. ಅದು ಫಲಿಸದಿದ್ದರೆ, ಇನ್ನೊಬ್ಬರಿಂದ 112ಕ್ಕೆ ಕರೆ ಮಾಡಿಸುತ್ತಿರುವಾಗಲೇ ಮಗುವಿನಿಂದ ಅತಿ ದೂರದ ಪಕ್ಕದ ಗಾಜನ್ನು ಒಡೆಯಬೇಕು. ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕೈಗೆ ದಪ್ಪನೆಯ ಬಟ್ಟೆ ಸುತ್ತಿಕೊಂಡಿರಬೇಕು. ಹರಳುಗಳು ಚಿಕ್ಕವಾದರೂ ಗೀರುತ್ತವೆ. ಮಗುವನ್ನು ನೆರಳಿಗೆ ತಂದು, ಬಟ್ಟೆ ಸಡಿಲಿಸಿ, ಮೈಯನ್ನು ನೀರಿನಿಂದ ಒದ್ದೆಮಾಡಿ ಗಾಳಿ ಹಾಕುತ್ತ, ವೈದ್ಯರ ಬಳಿಗೆ ಕೊಂಡೊಯ್ಯಬೇಕು. ಅದು ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಕೂಡದು.

ಒಳಗೆ ಬೀಗದ ಕೈ ಮಾತ್ರವಿದ್ದರೆ: ಎಲ್ಲ ಬಾಗಿಲುಗಳನ್ನೂ ಡಿಕ್ಕಿಯನ್ನೂ ಒಮ್ಮೆ ಪರೀಕ್ಷಿಸಿ, ಮನೆಯಲ್ಲಿರುವ ಎರಡನೆಯ ಬೀಗದ ಕೈಯನ್ನು ತರಿಸುವುದೇ ಎಲ್ಲಕ್ಕಿಂತ ಅಗ್ಗವಾದ ಉಪಾಯ. ಅದು ಸಾಧ್ಯವಿಲ್ಲದಿದ್ದರೆ ಕಾರಿನ ಕಂಪನಿಯ ರಸ್ತೆ ನೆರವನ್ನಾಗಲಿ ನುರಿತ ಕೆಲಸಗಾರನನ್ನಾಗಲಿ ಕರೆಯಬೇಕು. ಅವನು ಬಾಗಿಲು ತೆರೆಯುವ ಮೊದಲು ನೋಂದಣಿ ಪತ್ರವನ್ನು ಕೇಳಿದರೆ ಬೇಸರಿಸಬಾರದು. ಕೇಳದವನ ವಿಷಯದಲ್ಲಿಯೇ ಶಂಕೆಪಡಬೇಕು.

ಇದಕ್ಕೂ ಮೊದಲೇ ಮಾಡಬಹುದಾದುದು ಕೆಲವುಂಟು. ಎರಡನೆಯ ಬೀಗದ ಕೈಯನ್ನು ಕಾರಿನೊಳಗಿಡದೆ ಮನೆಯಲ್ಲಿಯೋ ನಂಬಿಕೆಯವರ ಬಳಿಯಲ್ಲಿಯೋ ಇಡಬೇಕು. ಹೊಸ ಕಾರಿನೊಡನೆ ಬರುವ ಬೀಗದ ಕೈಯ ಸಂಖ್ಯೆಯ ಬಿಲ್ಲೆಯನ್ನು ಜೋಪಾನ ಮಾಡಬೇಕು. ಗುಂಡಿ ಮಂದವಾದಾಗಲೇ ಬ್ಯಾಟರಿಯನ್ನು ಬದಲಿಸಬೇಕು. ಬಾಗಿಲು ಮುಚ್ಚುವ ಮೊದಲು ಬೀಗದ ಕೈ ಅಂಗೈಯಲ್ಲಿದೆಯೇ ಎಂದು ನೋಡುವ ಅಭ್ಯಾಸ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಒಂದೇ ನಿಮಿಷ’ ಎಂದು ಮಗುವನ್ನು ಕಾರಿನಲ್ಲಿ ಬಿಟ್ಟು ಇಳಿಯಕೂಡದು. ಆಡಲೆಂದು ಬೀಗದ ಕೈಯನ್ನು ಅದರ ಕೈಗೆ ಕೊಡಲೂಕೂಡದು.

ತಂತಿಯವನೂ ಕಲ್ಲಿನವನೂ ತಮ್ಮ ತಮ್ಮ ಸಂದರ್ಭದಲ್ಲಿ ಸರಿಯೇ. ಒಳಗೆ ಜಡವಸ್ತು ಮಾತ್ರವಿದ್ದಾಗ ಕಾಲವನ್ನು ವ್ಯಯಮಾಡಿ ಗಾಜನ್ನು ಉಳಿಸಬೇಕು. ಜೀವವಿದ್ದಾಗ ಗಾಜನ್ನು ವ್ಯಯಮಾಡಿ ಕಾಲವನ್ನು ಉಳಿಸಬೇಕು. ಈ ಎರಡರ ಭೇದವನ್ನು ಬೀಗವು ಅರಿಯದು. ಹೊರಗೆ ನಿಂತ ಮನುಷ್ಯನೇ ಅರಿಯಬೇಕು.